ಎಲ್ಲರೂ ‘ಮೋಸಗಾರ’ರಲ್ಲ: ವಂಚಕರ, ವಿನೋದಗಾರರ ಇಂಗ್ಲಿಷ್ ಪದಗಳನ್ನು ನಾನು ಕಲಿಸುವ ಬಗೆ

ಚೀಟ್, ಸ್ವಿಂಡ್ಲರ್, ಇಂಪಾಸ್ಟರ್, ಶಾರ್ಲಟನ್, ಕಾನ್ ಮ್ಯಾನ್. ನಿಘಂಟಿನಲ್ಲಿ ಇವುಗಳಲ್ಲಿ ಯಾವುದನ್ನು ಹುಡುಕಿದರೂ ಎದುರಿಗೆ ಬಹುಪಾಲು ಸಿಗುವುದು ‘ಮೋಸಗಾರ, ವಂಚಕ’ ಎಂಬ ಅದೇ ಜೋಡಿ. ಮಕ್ಕಳು ಅದನ್ನೇ ಉರು ಹೊಡೆಯುತ್ತಾರೆ. ಆಮೇಲೆ ಯಾವ ವಾಕ್ಯಕ್ಕೆ ಯಾವ ಪದವೆಂದು ಗೊತ್ತಾಗದೆ ಎಲ್ಲ ಕಡೆ ‘ಚೀಟರ್’ ಎಂದು ಬರೆಯುತ್ತಾರೆ. ಕೊಡಗಿನ ಕನ್ನಡ ಮಾಧ್ಯಮದ 9 ಮತ್ತು 10ನೇ ತರಗತಿಗಳಲ್ಲಿ ಈ ಪದಗಳಿಗೆ ನಾನು ಅರ್ಥ ಬರೆಸುವುದನ್ನೇ ಬಿಟ್ಟಿದ್ದೇನೆ. ಮೊದಲು ಸಂದರ್ಭ, ಆಮೇಲೆ ಪದ.

ಒಂದು ಪೀರಿಯಡ್ಡಿಗೆ 6 ಚೀಟಿ ಸಾಕು. 10 ಕೊಟ್ಟರೆ ಕೊನೆಯ ನಾಲ್ಕು ಮೊದಲ ಆರರೊಂದಿಗೆ ಕಲಸಿಹೋಗುತ್ತವೆ. ಚೀಟಿಯಲ್ಲಿ ಇಂಗ್ಲಿಷ್ ಇರುವುದಿಲ್ಲ, ಊರಿನಲ್ಲಿ ನಡೆಯುವಂಥದ್ದೇ ಒಂದು ಸಂಗತಿ ಕನ್ನಡದಲ್ಲಿರುತ್ತದೆ: ಕರಿಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿ ಮಾರಿದವನು, ಇಲ್ಲದ ಹೋಂಸ್ಟೇಯ ಫೋಟೊ ಹಾಕಿ ಮುಂಗಡ ಹಣ ಹಾಕಿಸಿಕೊಂಡವನು, ಬ್ಯಾಂಕಿನ ಅಧಿಕಾರಿ ಎಂದು ಫೋನ್ ಮಾಡಿ ಒಟಿಪಿ ಕೇಳಿದವನು, ಓದದೆಯೇ ಡಾಕ್ಟರ್ ಎಂದು ಬೋರ್ಡ್ ತೂಗುಹಾಕಿದವನು, ಗೆಳೆಯನ ಚಪ್ಪಲಿ ಅಡಗಿಸಿಟ್ಟು ನಕ್ಕವನು, ಸರ್ಕಸ್ಸಿನಲ್ಲಿ ಮೂಗಿಗೆ ಕೆಂಪು ಚೆಂಡು ಸಿಕ್ಕಿಸಿಕೊಂಡವನು.

ಪ್ರತಿ ಚೀಟಿಗೂ ಮೂರು ಪ್ರಶ್ನೆ. ಅವನಿಗೆ ಬೇಕಾಗಿದ್ದು ನಗುವೋ, ಹಣವೋ, ಮರ್ಯಾದೆಯೋ? ಸುಳ್ಳಾಗಿದ್ದು ಸರಕೋ, ಮಾತೋ, ತಾನು ಯಾರೆಂಬುದೋ? ಮೋಸ ಹೋದವರ ನಂಬಿಕೆಯನ್ನು ಅವನು ಮೊದಲೇ ಗಳಿಸಿಕೊಂಡಿದ್ದನೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಪದ ತಾನಾಗಿ ಬೀಳುತ್ತದೆ. ಮೆಣಸಿನವನು ಚೀಟ್, ಹೋಂಸ್ಟೇಯವನು ಸ್ಕ್ಯಾಮರ್, ಒಟಿಪಿಯವನು ಸ್ಕ್ಯಾಮರ್ ಆಗಿರುವುದರ ಜೊತೆಗೆ ಇಂಪಾಸ್ಟರ್, ಬೋರ್ಡಿನವನು ಕ್ವ್ಯಾಕ್, ಚಪ್ಪಲಿಯವನು ಪ್ರ್ಯಾಂಕ್‌ಸ್ಟರ್, ಮೂಗಿನವನು ಕ್ಲೌನ್.

ಮೂರನೇ ಪ್ರಶ್ನೆ ಕಾನ್ ಮ್ಯಾನ್‌ಗಾಗಿಯೇ ಇರುವುದು. ‘ಕಾನ್’ ಎಂದರೆ ಕಾನ್ಫಿಡೆನ್ಸ್, ಅಂದರೆ ನಂಬಿಕೆ. 1849ರಲ್ಲಿ ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದ ವಿಲಿಯಂ ಥಾಂಪ್ಸನ್ ಎಂಬವನು ಅಪರಿಚಿತರೊಂದಿಗೆ ಹಳೆಯ ಗೆಳೆಯನಂತೆ ಮಾತಾಡಿ, ನಾಳೆಯವರೆಗೆ ಗಡಿಯಾರ ಕೊಡುವಷ್ಟು ನಂಬಿಕೆ ನನ್ನ ಮೇಲಿದೆಯೇ ಎಂದು ಕೇಳುತ್ತಿದ್ದ. ಕೊಟ್ಟವರಿಗೆ ಗಡಿಯಾರ ವಾಪಸು ಬರುತ್ತಿರಲಿಲ್ಲ. ಪತ್ರಿಕೆಗಳು ಅವನನ್ನು ‘ಕಾನ್ಫಿಡೆನ್ಸ್ ಮ್ಯಾನ್’ ಎಂದು ಕರೆದವು. ಕನ್ನಡದಲ್ಲಿ ಇದಕ್ಕೆ ‘ನಯವಂಚಕ’ ಎಂಬ ಚೆಂದದ ಪದವಿದೆ. ‘ಮೋಸಗಾರ’ ಎಂದು ಅನುವಾದಿಸಿದರೆ ಆ ನಯವೇ ಹೋಗಿಬಿಡುತ್ತದೆ.

ಪದದ ಹುಟ್ಟನ್ನು ನಾನು ಎಲ್ಲದಕ್ಕೂ ಹೇಳುವುದಿಲ್ಲ, ನೆನಪಿಗೆ ಕೊಂಡಿಯಾಗುವ ಕಡೆ ಮಾತ್ರ. ಮೌಂಟಿಬ್ಯಾಂಕ್ ಎಂದರೆ ಇಟಾಲಿಯನ್ನಿನಲ್ಲಿ ಬೆಂಚು ಹತ್ತಿದವನು. ಸಂತೆಯಲ್ಲಿ ಎತ್ತರದಲ್ಲಿ ನಿಂತು ಸರ್ವರೋಗಕ್ಕೂ ಒಂದೇ ಎಣ್ಣೆ ಮಾರುವವನನ್ನು ಕಂಡ ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಎಡವುವುದು ಹೆಚ್ಚಾಗಿ ಗೊತ್ತಿರುವ ಪದಗಳಲ್ಲೇ. ನಾವು ಸರ್ಕಸ್ಸಿನವನನ್ನು ಜೋಕರ್ ಅನ್ನುತ್ತೇವೆ, ಇಂಗ್ಲಿಷ್‌ನಲ್ಲಿ ಅವನು ಕ್ಲೌನ್. ಅಲ್ಲಿ ಜೋಕರ್ ಎಂದರೆ ತಮಾಷೆ ಮಾಡುವವನು, ಇಸ್ಪೀಟಿನ ಎಲೆ, ಇಲ್ಲವೇ ಬೈಗುಳದ ಧಾಟಿಯಲ್ಲಿ ಕೈಲಾಗದವನು. ಗೋಣಿಕೊಪ್ಪ ಸಮೀಪದ ದೇವರಪುರದಲ್ಲಿ ಬುಡಕಟ್ಟು ಜನರು ಆಚರಿಸುವ ಕುಂಡೆ ಹಬ್ಬದಲ್ಲಿ ವೇಷ ಹಾಕಿದವರನ್ನು ಪ್ರವಾಸಿಗರಿಗೆ ‘ಜೋಕರ್ಸ್’ ಎಂದು ಪರಿಚಯಿಸುವುದನ್ನು ನಾನು ಬಲವಾಗಿ ತಿದ್ದುತ್ತೇನೆ. ಅದು ಅವರ ಹಬ್ಬ, ಅವರ ನಂಬಿಕೆ. ‘ಪೀಪಲ್ ಇನ್ ಕಾಸ್ಟ್ಯೂಮ್’ ಎಂದರೆ ಸಾಕು.

ರೋಗ್ ಕೂಡ ಹಾಗೆಯೇ. ‘ರೋಗ್ ಎಲಿಫೆಂಟ್’ ಮೋಸದ ಆನೆಯಲ್ಲ. ಗುಂಪು ಬಿಟ್ಟು ಒಂಟಿಯಾಗಿ ತಿರುಗುತ್ತ ಮೈಮೇಲೆ ಬರುವ ಆನೆ ಅದು, ನಮ್ಮ ಪತ್ರಿಕೆಗಳ ಪುಂಡಾನೆ. ಮನುಷ್ಯನಿಗೆ ಹೇಳುವಾಗ ಆ ಪದದಲ್ಲಿ ಪುಂಡತನವೂ ಕಪಟವೂ ಸೇರಿರುತ್ತವೆ.

ಇವೆಲ್ಲಕ್ಕಿಂತ ಜಾಣತನದಿಂದ ದಾರಿ ತಪ್ಪಿಸುವ ಪದ ಥಗ್. ನಮ್ಮ ಠಕ್ಕನೂ ಅವನೂ ಒಂದೇ ಬೇರಿನವರು, ಸಂಸ್ಕೃತದ ‘ಸ್ಥಗ’ದವರೆಗೆ ಹೋಗುತ್ತಾರೆ. ಆದರೆ ಇಂಗ್ಲಿಷಿಗೆ ಅದು ಹೋದದ್ದು ಹಿಂದಿಯ ಮೂಲಕ, ದಾರಿಹೋಕರ ಕತ್ತು ಬಿಗಿದು ದೋಚುವವರ ಹೆಸರಾಗಿ. 1830ರ ದಶಕದಲ್ಲಿ ಅವರ ವಿರುದ್ಧ ಬ್ರಿಟಿಷ್ ಅಧಿಕಾರಿ ಸ್ಲೀಮನ್ ನಡೆಸಿದ ಕಾರ್ಯಾಚರಣೆಯ ಸುದ್ದಿಯೊಂದಿಗೆ ಅದು ಹಬ್ಬಿತು. ಹಾಗಾಗಿ ಥಗ್ ಎಂದರೆ ಇಂದು ಹೊಡೆಬಡಿಯುವ ಗೂಂಡಾ. ಠಕ್ಕ ಮಾತಿನಲ್ಲೇ ಕೆಲಸ ಮುಗಿಸುತ್ತಾನೆ. ಠಕ್ಕನಿಗೆ ಟ್ರಿಕ್‌ಸ್ಟರ್ ಹತ್ತಿರ, ಅದರಲ್ಲೂ ಪಂಚತಂತ್ರದ ನರಿಯಂಥ ಕಥೆಯ ಠಕ್ಕನಿಗೆ. ತೆನಾಲಿ ರಾಮನ ಆಸ್ಥಾನದ ಕೆಲಸ ಹೇಳಬೇಕಾದರೆ ಜೆಸ್ಟರ್, ಅವನ ಉಪಾಯ ಹೇಳಬೇಕಾದರೆ ಟ್ರಿಕ್‌ಸ್ಟರ್.

‘ಫೋರ್ ಟ್ವೆಂಟಿ’ಯನ್ನು ಭಾರತದ ಹೊರಗೆ ಬಳಸಲೇಬಾರದು. ಅದು ಭಾರತೀಯ ದಂಡ ಸಂಹಿತೆಯ 420ನೇ ಕಲಮಿನಿಂದ ಬಂದ ಮಾತು. 2024ರ ಜುಲೈ 1ರಿಂದ ಆ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318(4) ಇದೆ. ಅಮೆರಿಕದಲ್ಲಿ 420 ಎಂದರೆ ಗಾಂಜಾ.

ಇನ್ನು ಕ್ರಿಯಾಪದ. ಅಂಕ ಹೋಗುವುದು ಇಲ್ಲೇ. ‘ಹೀ ಚೀಟೆಡ್ ಮನಿ ಫ್ರಮ್ ಮೀ’ ಎಂದು ಬರೆಯುತ್ತಾರೆ, ಏಕೆಂದರೆ ನಮ್ಮಲ್ಲಿ ‘ನನ್ನಿಂದ ಹಣ’ ಹೋಗುತ್ತದೆ. ಇಂಗ್ಲಿಷ್‌ನಲ್ಲಿ ಮೋಸ ಆಗುವುದು ಹಣಕ್ಕಲ್ಲ, ಮನುಷ್ಯನಿಗೆ: ‘ಹೀ ಚೀಟೆಡ್ ಮೀ ಔಟ್ ಆಫ್ ಟೆನ್ ಥೌಸಂಡ್ ರುಪೀಸ್’. ಕಳೆದುಕೊಂಡಿದ್ದರ ಮುಂದೆ ‘ಔಟ್ ಆಫ್’, ಮಾಡಿಬಿಟ್ಟಿದ್ದರ ಮುಂದೆ ‘ಇಂಟು’: ‘ಹೀ ಟ್ರಿಕ್ಡ್ ಮೀ ಇಂಟು ಸೈನಿಂಗ್’. ಸ್ವಿಂಡಲ್‌ಗೆ ಹೊಂದುವುದು ‘ಔಟ್ ಆಫ್’, ಕಾನ್‌ಗೆ ಎರಡೂ ನಡೆಯುತ್ತವೆ. ‘ಚೀಟೆಡ್ ಆನ್ ಮೀ’ ಎಂದು ‘ಆನ್’ ಸೇರಿಸಿದರೆ ಅದು ಗಂಡನೋ ಹೆಂಡತಿಯೋ ಪ್ರೇಮಿಯೋ ಮಾಡಿದ ದ್ರೋಹವಾಗುತ್ತದೆ, ಅಂಗಡಿಯವನ ಬಗ್ಗೆ ಹಾಗೆ ಬರೆಯುವಂತಿಲ್ಲ. ‘ಹೀ ಮೇಡ್ ಮೀ ಫೂಲ್’ ತಪ್ಪು. ‘ಹೀ ಮೇಡ್ ಅ ಫೂಲ್ ಆಫ್ ಮೀ’ ಅಥವಾ ಸುಮ್ಮನೆ ‘ಹೀ ಫೂಲ್ಡ್ ಮೀ’ ಸರಿ.

ನುಡಿಗಟ್ಟುಗಳಲ್ಲಿ ‘ಕಣ್ಣಿಗೆ ಮಣ್ಣೆರಚು’ ಮಾತ್ರ ಅದೃಷ್ಟಕ್ಕೆ ಹೆಚ್ಚುಕಡಿಮೆ ಹಾಗೇ ದಾಟುತ್ತದೆ: ‘ಥ್ರೋ ಡಸ್ಟ್ ಇನ್ ಸಮ್‌ಒನ್ಸ್ ಐಸ್’. ‘ಟೋಪಿ ಹಾಕು’, ‘ನಾಮ ಹಾಕು’, ‘ಚಳ್ಳೆಹಣ್ಣು ತಿನ್ನಿಸು’ ದಾಟುವುದಿಲ್ಲ. ಅವುಗಳ ಬದಲು ಕಾನ್, ಸ್ವಿಂಡಲ್, ಹುಡ್‌ವಿಂಕ್ ಬರೆಸುತ್ತೇನೆ.

ಒಂದು ವಾರ ಬಿಟ್ಟು ಅದೇ ಚೀಟಿಗಳನ್ನು ಕಲಸಿ ಹಂಚುತ್ತೇನೆ, ಪ್ರತಿಯೊಬ್ಬರಿಗೂ 2 ಚೀಟಿ, 2 ವಾಕ್ಯ. ಆಗಲೂ ಅದಲುಬದಲಾಗುವ ಜೋಡಿ ಇಂಪಾಸ್ಟರ್ ಮತ್ತು ಶಾರ್ಲಟನ್. ಇಂಪಾಸ್ಟರ್ ತಾನು ಬೇರೊಬ್ಬನೆಂದು ನಂಬಿಸುತ್ತಾನೆ. ಶಾರ್ಲಟನ್ ಸ್ವಂತ ಹೆಸರಿನಲ್ಲೇ ಕೂತು ತನಗಿಲ್ಲದ ವಿದ್ಯೆಯನ್ನು ಇದೆ ಅನ್ನುತ್ತಾನೆ. ಮೊದಲನೆಯವನ ಗುರುತಿನ ಚೀಟಿ ಕೇಳಿ, ಎರಡನೆಯವನ ಕೈಯಲ್ಲಿ ಕೆಲಸ ಮಾಡಿಸಿ ಎಂದು ಹೇಳಿಕೊಟ್ಟ ಮೇಲೆ ಆ ತಪ್ಪು ಕಡಿಮೆಯಾಗಿದೆ.