777 ಬಿಟ್ಟ ಮೇಲೆ ನನ್ನ ಸೈಟ್ ನೆಟ್ಟಗಾಯಿತು

ಹದಿನಾಲ್ಕು ತಿಂಗಳಾಯಿತು, ನನ್ನ ಸೈಟ್‌ನಲ್ಲಿ ಒಂದೂ 403 ("ನೋಡಲು ಅನುಮತಿ ಇಲ್ಲ" ಅನ್ನುವ ದೋಷ) ಬಂದಿಲ್ಲ. "ನಿನಗ್ಯಾಕೆ ವಿಪಿಎಸ್ (ನಾವೇ ನೋಡಿಕೊಳ್ಳಬೇಕಾದ ಬಾಡಿಗೆ ಸರ್ವರ್), ಸುಮ್ನೆ ಶೇರ್ಡ್ ಹೋಸ್ಟಿಂಗ್ ತಗೋ" ಅಂದಿದ್ದ ಗೆಳೆಯರಲ್ಲಿ ಇಬ್ಬರ ಸರ್ವರ್ ಅನ್ನು ಈಗ ನಾನೇ ಸರಿ ಮಾಡಿಕೊಟ್ಟಿದ್ದೇನೆ.

ಸೈಟ್‌ನಲ್ಲಿರುವುದು ಅಪ್ಪ ಬರೆದಿಟ್ಟ ಮಳೆ ಲೆಕ್ಕ. ತೀರ್ಥಹಳ್ಳಿ ಕಡೆ ನಮ್ಮ ತೋಟ. ನೋಟ್‌ಬುಕ್ ಪುಟಗಳ ಫೋಟೊ ಸುಮಾರು ಎರಡು ಸಾವಿರ, ಜೊತೆಗೆ ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್. ಉಬುಂಟು 22.04 ಇರುವ ಹೊಸ ಸರ್ವರ್‌ಗೆ ಎಲ್ಲವನ್ನೂ ತಂದ ದಿನವೇ ಪ್ರತಿ ಪುಟಕ್ಕೂ 403. ಅನುಮತಿಯ ಅಂಕಿಗಳು (ಕ್ರಮವಾಗಿ ಮಾಲೀಕ, ಗ್ರೂಪ್, ಉಳಿದವರಿಗೆ; 4 ಓದಲು, 2 ಬರೆಯಲು, 1 ಫೋಲ್ಡರ್ ಒಳಗೆ ಹೋಗಲು) ಸೈಟ್‌ನ ಫೈಲ್‌ಗೆ 644, ಫೋಲ್ಡರ್‌ಗೆ 755, ಎಲ್ಲ ಸರಿಯಾಗೇ ಇತ್ತು. ಎರಡು ರಾತ್ರಿ ಕೂತೆ, ತಿಳಿಯಲಿಲ್ಲ. ಕೊನೆಗೆ ಒಬ್ಬರಿಗೆ 3,500 ರೂಪಾಯಿ ಕೊಟ್ಟೆ.

ಅವರು ಹೋಮ್ ಫೋಲ್ಡರ್‌ನಿಂದ ಕೆಳಗೆ ಪೂರ್ತಿ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟು ಹೋದರು. ಸೈಟ್ ತೆರೆಯಿತು ನಿಜ. ಆದರೆ ಮರುದಿನ ದೂರದಿಂದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್ ನನ್ನ ಕೀಯನ್ನೇ (ಪಾಸ್‌ವರ್ಡ್ ಬದಲು ಬಳಸುವ ಫೈಲ್) ಒಪ್ಪಲಿಲ್ಲ, ಯಾಕಂದ್ರೆ ಹೋಮ್ ಫೋಲ್ಡರ್‌ನಲ್ಲಿ ಯಾರು ಬೇಕಾದರೂ ಬರೆಯಬಹುದಾಗಿದ್ದರೆ ಅದು ಕೀಯನ್ನು ನಂಬುವುದಿಲ್ಲ. ವೆಬ್ ಕನ್ಸೋಲ್‌ನಿಂದ ಒಳಗೆ ಹೋಗಬೇಕಾಯಿತು. ಇನ್ನೂ ಕೆಟ್ಟದ್ದು ಮೂರು ವಾರದ ನಂತರ ಆಯಿತು. ಒಂದು ಹಳೆಯ ಪ್ಲಗಿನ್ ಮೂಲಕ ಯಾರೋ ನುಗ್ಗಿ, ಅಪ್‌ಲೋಡ್ಸ್ ಫೋಲ್ಡರ್ ಒಳಗೆ ಪಿಎಚ್‌ಪಿ ಫೈಲ್ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ) ಇಟ್ಟು, ಥೀಮ್ ಅನ್ನೂ ತಿದ್ದಿದ್ದರು. ಅದನ್ನು ತೊಳೆಸಲು ಮತ್ತೆ ಆರು ಸಾವಿರದ ಹತ್ತಿರ ಹೋಯಿತು. ತಿಂಗಳಿಗೆ 450 ರೂಪಾಯಿಯ ಸರ್ವರ್‌ಗೆ ಇಷ್ಟು ಸುರಿದದ್ದು ನೆನೆಸಿದರೆ ಈಗಲೂ ಸಂಕಟ ಆಗುತ್ತದೆ.

ಆಮೇಲೆ ಹೊಸ ಸರ್ವರ್ ಎಬ್ಬಿಸಿ ನಾನೇ ಮೊದಲಿಂದ ಕೂತೆ. ಈ ಸಲ ಫೈಲ್ ನೋಡುವುದು ಬಿಟ್ಟು ದಾರಿ ನೋಡಿದೆ. ನೇಮ್‌ಐ ಕಮಾಂಡ್‌ಗೆ ಮೈನಸ್ ಎಲ್ ಹಾಕಿ (namei -l) ಒಂದು ಫೋಟೊದ ಪೂರ್ತಿ ಪಾತ್ ಕೊಟ್ಟರೆ, ಮೊದಲ ಸ್ಲ್ಯಾಶ್‌ನಿಂದ ಕೊನೆಯವರೆಗೆ ಒಂದೊಂದು ಫೋಲ್ಡರ್‌ನ ಅನುಮತಿಯೂ ಮಾಲೀಕನೂ ಕಾಣುತ್ತದೆ. ಕಳ್ಳ ಅಲ್ಲೇ ಸಿಕ್ಕಿದ. ಉಬುಂಟು 21.04ರಿಂದ ಈಚೆಗೆ ಹೊಸ ಯೂಸರ್‌ನ ಹೋಮ್ ಫೋಲ್ಡರ್ 750 ಆಗಿರುತ್ತದೆ, ಅಂದರೆ ಹೊರಗಿನವರಿಗೆ ಪ್ರವೇಶ ಇಲ್ಲ; ಮೊದಲು 755 ಇತ್ತು. ಮನೆ ಬಾಗಿಲು ತೆರೆದಿದೆ, ಆದರೆ ತೋಟದ ಉಣುಗೋಲು ಹಾಕಿದೆ. ನನ್ನ ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್ ಅಲ್ಲೇ ನಿಂತುಬಿಡುತ್ತಿತ್ತು. ಸೈಟ್ ಅನ್ನು ಹೋಮ್‌ನಿಂದ ಎತ್ತಿ ಎಸ್‌ಆರ್‌ವಿ (/srv) ಫೋಲ್ಡರ್‌ಗೆ ಹಾಕಿದೆ.

ಎಲ್ಲವನ್ನೂ ವೆಬ್ ಸರ್ವರ್‌ನ ಯೂಸರ್ ಹೆಸರಿಗೆ ಬರೆದುಕೊಡಿ ಅನ್ನುವವರು ಜಾಸ್ತಿ. ನಾನು ಹಾಗೆ ಮಾಡಲಿಲ್ಲ. ಸೈಟ್‌ಗೆ ಬೇರೆ ಯೂಸರ್, ಅದೇ ಯೂಸರ್ ಹೆಸರಲ್ಲಿ ಪಿಎಚ್‌ಪಿ ಪೂಲ್ (ಸೈಟ್‌ನ ಪಿಎಚ್‌ಪಿ ಓಡಿಸುವ ಪ್ರೋಸೆಸ್‌ಗಳು). ವೆಬ್ ಸರ್ವರ್ ಬರೀ ಗ್ರೂಪ್‌ನಲ್ಲಿ, ಓದುವುದಷ್ಟೇ ಅದರ ಕೆಲಸ. ಫೋಲ್ಡರ್ 2750, ಫೈಲ್ 640, ಕಾನ್ಫಿಗ್ ಫೈಲ್ 600. ಅಪ್‌ಲೋಡ್ಸ್ ಒಳಗೆ ಪಿಎಚ್‌ಪಿ ಓಡುವುದು ಬಂದ್. 2750ರ ಮೊದಲಲ್ಲಿ ಆ 2 ಇದೆಯಲ್ಲ, ಅದು ಬಹಳ ಮುಖ್ಯ. ಮೊದಲು ನನ್ನ ತೊಂದರೆ ಸರಿಯಾಗಿ ತಿಂಗಳ ಒಂದನೇ ತಾರೀಖಿಗೆ ಬರುತ್ತಿತ್ತು, ವರ್ಡ್‌ಪ್ರೆಸ್ ಆ ತಿಂಗಳ ಹೊಸ ಫೋಲ್ಡರ್ ಮಾಡುವಾಗ ಗ್ರೂಪ್ ತಪ್ಪಿಹೋಗಿ. ಈಗ ಆ 2 ಇರುವುದರಿಂದ ಹೊಸ ಫೋಲ್ಡರ್ ತನ್ನ ಮೇಲಿನ ಫೋಲ್ಡರ್‌ನ ಗ್ರೂಪನ್ನೇ ಹಿಡಿಯುತ್ತದೆ. ಇನ್ನೊಂದು ವಿಷಯ, ಅಪ್‌ಲೋಡ್ ಆದ ಫೋಟೊಗೆ ವರ್ಡ್‌ಪ್ರೆಸ್ ಅನುಮತಿ ಕೊಡುವುದು ಆ ಫೋಲ್ಡರ್ ನೋಡಿಯೇ. ಫೋಲ್ಡರ್ 777 ಇದ್ದರೆ ಫೋಟೊ 666 ಆಗಿ ಇಳಿಯುತ್ತದೆ, 2750 ಇದ್ದರೆ 640.

ನಡುವೆ ಎಸಿಎಲ್ (ಒಬ್ಬೊಬ್ಬ ಯೂಸರ್‌ಗೂ ಬೇರೆ ಬೇರೆ ಅನುಮತಿ ಕೊಡುವ ಪಟ್ಟಿ) ಕೂಡ ಒಂದು ವಾರ ಹಾಕಿ ನೋಡಿದೆ. ಚೆನ್ನಾಗಿಯೇ ನಡೆಯಿತು, ಆದರೆ ಬ್ಯಾಕಪ್‌ನಿಂದ ವಾಪಸ್ ತಂದಾಗ ಎಲ್ಲ ಅಳಿಸಿಹೋಗಿತ್ತು. ಬಿಟ್ಟೆ. ಲ್ಯಾಪ್‌ಟಾಪ್‌ನಿಂದ ಆರ್‌ಸಿಂಕ್ (ಫೈಲ್ ನಕಲು ಮಾಡಿ ಕಳಿಸುವ ಕಮಾಂಡ್) ಮಾಡುವವರು ಮಾತ್ರ ನೋಡಿಕೊಳ್ಳಿ. ಅಲ್ಲಿ 600 ಇದ್ದ ಫೋಟೊ ಇಲ್ಲೂ 600 ಆಗಿಯೇ ಬರುತ್ತದೆ, ನನ್ನ 1990ರ ದಶಕದ ಪುಟಗಳೆಲ್ಲ ಹಾಗೆ ಮಾಯವಾಗಿದ್ದವು. ಆರ್‌ಸಿಂಕ್‌ನಲ್ಲೇ ಅನುಮತಿ ನಿಗದಿ ಮಾಡುವ ಆಯ್ಕೆ ಇದೆ, ಬಳಸಿ.

ರಾತ್ರಿ ಓಡುವ ಹನ್ನೊಂದು ಸಾಲಿನ ಒಂದು ಸ್ಕ್ರಿಪ್ಟ್ ಇದೆ, ಯಾವುದಾದರೂ ಫೈಲ್ ದಾರಿ ತಪ್ಪಿದರೆ ಬೆಳಿಗ್ಗೆ ಫೋನ್‌ಗೆ ಹೇಳುತ್ತದೆ. ಅದನ್ನು ನಾನು ಯಾರಿಗೂ ಕೊಟ್ಟಿಲ್ಲ. ಈ ಜುಲೈನಲ್ಲಿ ಅಪ್ಪ ತಾವೇ ಫೋನ್‌ನಿಂದ ಅಂದಿನ ಮಳೆ ಪುಟ ಹಾಕಿದರು, ಒಂದೇ ಸಲಕ್ಕೆ ಹೋಯಿತು.