ಆಫರ್ ಲೆಟರ್ ಕೊನೆಗೆ ಓದುವುದು: ವಿದೇಶದ ಕೆಲಸದ ಕಾಗದ ನಾವು ಪರಿಶೀಲಿಸುವ ರೀತಿ

ಇಂಡಿ, ಸಿಂದಗಿ, ತಾಳಿಕೋಟಿ, ಮುದ್ದೇಬಿಹಾಳ ಕಡೆಯಿಂದ ಗಲ್ಫ್‌ಗೆ ಹೊರಟವರು ವಿಜಯಪುರಕ್ಕೆ ಬಂದರೆ ಮೊದಲು ಕಾಲಿಡುವುದು ನಮ್ಮಂಥ ಆನ್‌ಲೈನ್ ಸೆಂಟರಿಗೆ. ವಾಟ್ಸಾಪಿಗೆ ಬಂದ ಪಿಡಿಎಫ್ ತೋರಿಸಿ, "ಎರಡು ಕಲರ್ ಪ್ರಿಂಟ್ ತೆಗೀರಿ ಸರ" ಅನ್ನುತ್ತಾರೆ. ಪ್ರಿಂಟ್ ಕೊಡುವ ಮುಂಚೆ ಅವರನ್ನು ಕೂಡಿಸಿಕೊಂಡು ನಾವು ಮಾಡುವ ಪರಿಶೀಲನೆಗೆ ಅರ್ಧ ತಾಸು ಹಿಡಿಯುತ್ತದೆ. ಅದು ಯಾವ ಕ್ರಮದಲ್ಲಿ, ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಮನೆಯಲ್ಲಿ ಮೊಬೈಲ್ ಇರುವ ಯಾರು ಬೇಕಾದರೂ ಇದನ್ನು ಮಾಡಬಹುದು.

ಎಲ್ಲರೂ ಮೊದಲು ಆಫರ್ ಲೆಟರ್ ಓದುತ್ತಾರೆ. ನಾವು ಅದನ್ನು ಕೊನೆಗೆ ಓದುತ್ತೇವೆ. ಕಂಪನಿಯ ಲೋಗೋ, ದುಂಡನೆಯ ಸೀಲು, ನೀಲಿ ಸಹಿ, ಕ್ಯೂಆರ್ ಕೋಡ್ ಇವೆಲ್ಲವನ್ನೂ ಇದೇ ಅಂಗಡಿಯ ಕಂಪ್ಯೂಟರಿನಲ್ಲಿ ಹತ್ತು ನಿಮಿಷದಲ್ಲಿ ಕೂಡಿಸಬಹುದು. ಅಕ್ಷರ ದೋಷ ಇದ್ದರೆ ನಕಲಿ, ಇಲ್ಲದಿದ್ದರೆ ಅಸಲಿ ಅನ್ನುವ ಕಾಲ ಹೋಯಿತು; ಈಗ ಮೋಸಗಾರರ ಇಂಗ್ಲಿಷ್ ಬಹಳ ಚೊಕ್ಕ ಇರುತ್ತದೆ. ಮೋಸಗಾರ ಏನನ್ನು ತಯಾರಿಸಲಾರನೋ ಅದನ್ನು ಹುಡುಕಬೇಕು. ಅಂಥವು ಮೂರಿವೆ: ನಮ್ಮ ಸರ್ಕಾರದ ದಾಖಲೆಯಲ್ಲಿ ಏಜೆಂಟನ ಹೆಸರು, ಆ ದೇಶದ ಸರ್ಕಾರದ ದಾಖಲೆಯಲ್ಲಿ ವೀಸಾ, ರೊಕ್ಕ ಸೇರುವ ಖಾತೆಯ ಹೆಸರು.

ಮೊದಲನೆಯದು ಏಜೆಂಟ್. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ, ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. ಆ ನೋಂದಣಿ ಸಂಖ್ಯೆಗೆ ಆರ್‌ಸಿ ನಂಬರ್ ಅನ್ನುತ್ತಾರೆ. ಅದು 'ಬಿ' ಅಕ್ಷರದಿಂದ ಶುರುವಾಗಿ ಉದ್ದಕ್ಕೆ ಇರುತ್ತದೆ: ನಡುವೆ ಊರು ಅಥವಾ ರಾಜ್ಯದ ಹೆಸರು, ಸಂಸ್ಥೆ ಒಬ್ಬರದೋ ಪಾಲುದಾರಿಕೆಯೋ ಕಂಪನಿಯೋ ಎಂಬ ಗುರುತು, ಎಷ್ಟು ಜನರನ್ನು ಕಳಿಸಬಹುದು ಎಂಬ ಅಂಕಿ, ಕೊನೆಗೆ ವರ್ಷ. ಕಚೇರಿಯ ಗೋಡೆಯ ಮೇಲೆ, ಜಾಹೀರಾತಿನಲ್ಲಿ, ಫೇಸ್‌ಬುಕ್ ಪೋಸ್ಟರಿನಲ್ಲಿ ಅದು ಕಾಣಬೇಕು. ಸಚಿವಾಲಯದ ಇಮೈಗ್ರೇಟ್ ಜಾಲತಾಣ ಅಥವಾ ಅದರ ಆ್ಯಪ್‌ನಲ್ಲಿ ರಿಕ್ರೂಟಿಂಗ್ ಏಜೆಂಟರ ಪಟ್ಟಿ ತೆಗೆದು ಹೆಸರು ಹಾಕಿ ನೋಡುತ್ತೇವೆ. ಹೆಸರು ಸಿಕ್ಕರೆ ಅಲ್ಲಿಗೆ ಮುಗಿಯಲಿಲ್ಲ. ಪರವಾನಗಿ ಚಾಲ್ತಿಯಲ್ಲಿದೆಯೋ, ಅಮಾನತಾಗಿದೆಯೋ, ಅವಧಿ ಮುಗಿದಿದೆಯೋ ಎಂಬುದನ್ನೂ ನೋಡಬೇಕು. ನೋಂದಣಿ ಇಲ್ಲದೆ ದಂಧೆ ಮಾಡುವವರ ಪಟ್ಟಿಯನ್ನೂ ಸಚಿವಾಲಯ ರಾಜ್ಯವಾರು ಅದೇ ಜಾಲತಾಣದಲ್ಲಿ ಹಾಕುತ್ತದೆ.

ಇಲ್ಲಿ ಹೆಚ್ಚು ಜನ ಮೋಸ ಹೋಗುವುದು ನಂಬರ್ ಇಲ್ಲದ ಏಜೆಂಟನ ಕೈಯಲ್ಲಿ ಅಲ್ಲ, ಕದ್ದ ನಂಬರಿನ ಏಜೆಂಟನ ಕೈಯಲ್ಲಿ. ಮುಂಬೈನ ಒಂದು ಅಸಲಿ ಸಂಸ್ಥೆಯ ಹೆಸರು, ಆರ್‌ಸಿ ನಂಬರ್ ಎರಡನ್ನೂ ಪೋಸ್ಟರಿಗೆ ಅಂಟಿಸಿ, ಫೋನ್ ನಂಬರ್ ಮಾತ್ರ ತಮ್ಮದು ಹಾಕುತ್ತಾರೆ. ಹಾಗಾಗಿ ಪೋಸ್ಟರಿನಲ್ಲಿರುವ ನಂಬರಿಗೆ ನಾವು ಯಾವತ್ತೂ ಫೋನ್ ಮಾಡುವುದಿಲ್ಲ. ಇಮೈಗ್ರೇಟ್‌ನಲ್ಲಿ ಆ ಸಂಸ್ಥೆಯ ಹೆಸರಿನ ಮುಂದೆ ಇರುವ ನಂಬರಿಗೇ ಮಾಡುತ್ತೇವೆ. ಮೂರು ಪ್ರಶ್ನೆ ಕೇಳಿದರೆ ಸಾಕು: ಈ ಕಂಪನಿಗೆ ನೀವು ಜನ ತೆಗೆದುಕೊಳ್ಳುತ್ತಿದ್ದೀರಾ? ಈ ಹೆಸರಿನ ಅಭ್ಯರ್ಥಿ ನಿಮ್ಮ ದಾಖಲೆಯಲ್ಲಿ ಇದ್ದಾರಾ? ನಮ್ಮೂರಿನಲ್ಲಿ ನಿಮ್ಮ ಪರವಾಗಿ ರೊಕ್ಕ ತೆಗೆದುಕೊಳ್ಳುವ ಮನುಷ್ಯ ಇದ್ದಾನಾ? ಮೂರನೆಯ ಪ್ರಶ್ನೆಗೆ ಅಸಲಿ ಸಂಸ್ಥೆಯವರೇ ಗಾಬರಿಯಾಗುತ್ತಾರೆ. ಕಾಯ್ದೆಯಲ್ಲಿ ಸಬ್ ಏಜೆಂಟ್ ಅನ್ನುವವನಿಗೆ ಜಾಗವೇ ಇಲ್ಲ. "ಪಾಸ್‌ಪೋರ್ಟ್ ನನ್ನ ಕೈಯಾಗ ಕೊಡ್ರಿ, ಮುಂದಿಂದು ಎಲ್ಲಾ ನಾ ನೋಡ್ಕೋತೀನಿ" ಅನ್ನುವ ಊರಿನ ಪರಿಚಯದವನು ಎಷ್ಟೇ ಒಳ್ಳೆಯವನಿರಲಿ, ನಾಳೆ ಹೆಚ್ಚುಕಡಿಮೆಯಾದರೆ ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಅಸಲಿ ಏಜೆಂಟನ ಬಳಿ ಇನ್ನೆರಡು ಕಾಗದ ಇರುತ್ತವೆ: ವಿದೇಶದ ಮಾಲೀಕ ಕಳಿಸಿದ ಡಿಮ್ಯಾಂಡ್ ಲೆಟರ್ ಮತ್ತು ಪವರ್ ಆಫ್ ಅಟಾರ್ನಿ. ಎಷ್ಟು ಜನ ಬೇಕು, ಯಾವ ಕೆಲಸಕ್ಕೆ, ಸಂಬಳ ಎಷ್ಟು ಎಂಬುದು ಮೊದಲನೆಯದರಲ್ಲಿ. ಈ ಏಜೆಂಟನಿಗೇ ಅಧಿಕಾರ ಕೊಟ್ಟಿದ್ದೇವೆ ಎಂಬುದು ಎರಡನೆಯದರಲ್ಲಿ. "ಅವನ್ನ ನೋಡಬೇಕ್ರಿ" ಅಂತ ಕೇಳುವುದಕ್ಕೆ ನಮ್ಮ ಜನ ಸಂಕೋಚ ಪಡುತ್ತಾರೆ. ಪಡಬೇಕಾಗಿಲ್ಲ, ಕೇಳುವುದು ನಿಮ್ಮ ಹಕ್ಕು. ಆಫರ್ ಲೆಟರಿನಲ್ಲಿ 1,800 ರಿಯಾಲ್ ಇದ್ದು ಡಿಮ್ಯಾಂಡ್ ಲೆಟರಿನಲ್ಲಿ 1,000 ಇದ್ದರೆ, ಅಲ್ಲಿ ಇಳಿದ ಮೇಲೆ ಸಿಗುವುದು 1,000.

ಆಮೇಲೆ ಪಾಸ್‌ಪೋರ್ಟ್ ತೆಗೆಸಿ, ಅದರ ಮೇಲೆ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ಹೊರಡುವ ಮುಂಚೆ ಸರ್ಕಾರದ ತಪಾಸಣೆ ಬೇಕು ಎಂಬ ಗುರುತು) ಇದೆಯೋ ಇಲ್ಲವೋ ನೋಡುತ್ತೇವೆ. ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಅದು ಇರುತ್ತದೆ. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಇಂಥವರು ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರಡಲಿಕ್ಕೆ ಸರ್ಕಾರದ ಅನುಮತಿ, ಬೇಕೇ ಬೇಕು. ಇದನ್ನು ಅಡ್ಡಿ ಅಂತ ತಿಳಿಯುವವರೇ ಬಹಳ. ಬಡವನಿಗೆ ಸರ್ಕಾರ ಕೊಟ್ಟಿರುವ ಒಂದೇ ಒಂದು ಜರಡಿ ಇದು. ಕ್ಲಿಯರೆನ್ಸ್ ಆದರೆ ಮಾಲೀಕ ಯಾರು, ಕಳಿಸಿದ ಏಜೆಂಟ್ ಯಾರು ಎಂಬುದು ಸರ್ಕಾರದ ದಾಖಲೆಗೆ ಸೇರುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ ಪರಿಹಾರ. ಇದನ್ನೆಲ್ಲ ತಪ್ಪಿಸಲಿಕ್ಕೆ ಮೋಸಗಾರ ಹೇಳುವ ಮಾತು ಒಂದೇ: "ವಿಸಿಟ್ ವೀಸಾ ಮೇಲೆ ಹೋಗ್ರಿ, ಅಲ್ಲೇ ಕೆಲಸದ ವೀಸಾಕ್ಕ ಬದಲಿ ಮಾಡಸ್ತೀವಿ. ಏರ್‌ಪೋರ್ಟಿನ್ಯಾಗ ಸೆಟ್ಟಿಂಗ್ ಐತಿ. ಕೇಳಿದರ ಮಾವನ ಮನೀಗೆ ಹೊಂಟೀನಿ ಅನ್ರಿ." ಇಷ್ಟು ಕೇಳಿದ ಮೇಲೆ ಉಳಿದ ಕಾಗದ ನೋಡುವ ಅಗತ್ಯವೇ ಇಲ್ಲ. ವಿಸಿಟ್ ವೀಸಾದವನಿಗೆ ಕೆಲಸದ ಕರಾರು ಇರುವುದಿಲ್ಲ, ಸಂಬಳ ಕೊಡದಿದ್ದರೆ ಅಲ್ಲಿನ ಕಾರ್ಮಿಕ ಇಲಾಖೆಗೆ ಹೋಗಲಿಕ್ಕೆ ಆಧಾರ ಇರುವುದಿಲ್ಲ, ಬಿಮೆ ಇರುವುದಿಲ್ಲ. ಅವಧಿ ಮುಗಿದರೆ ಯುಎಇಯಲ್ಲಿ ದಿನಕ್ಕೆ 50 ದಿರಹಂ ದಂಡ ಬೇರೆ ಏರುತ್ತದೆ.

ವೀಸಾ ಕೈಗೆ ಬಂದಿದ್ದರೆ ಆ ದೇಶದ ಸರ್ಕಾರದ ಜಾಲತಾಣದಲ್ಲಿಯೇ ತಾಳೆ ನೋಡಬೇಕು. ವೀಸಾ ಕಾಗದದ ಮೇಲಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ "ಹಸಿರು ಟಿಕ್ ಬಂತು" ಅಂತ ಸಮಾಧಾನ ಪಡುವುದು ದೊಡ್ಡ ತಪ್ಪು. ಆ ಕೋಡ್ ಮೋಸಗಾರನೇ ಮಾಡಿದ ಹುಸಿ ಜಾಲತಾಣಕ್ಕೆ ಒಯ್ಯಬಹುದು. ವಿಳಾಸವನ್ನು ನೀವೇ ಟೈಪ್ ಮಾಡಬೇಕು. ಸೌದಿಯದಾದರೆ ಅಲ್ಲಿನ ವಿದೇಶಾಂಗ ಸಚಿವಾಲಯದ ವೀಸಾ ತಾಣ. ಯುಎಇಯದಾದರೆ ಒಂದು ಸೂಕ್ಷ್ಮ ಇದೆ: ವೀಸಾದ ಫೈಲ್ ನಂಬರ್ 201ರಿಂದ ಶುರುವಾದರೆ ಅದು ದುಬೈನದು, ದುಬೈನ ವಲಸೆ ಇಲಾಖೆ ಜಿಡಿಆರ್‌ಎಫ್‌ಎ ತಾಣದಲ್ಲಿ ನೋಡಬೇಕು. 101 ಅಬುಧಾಬಿ, 301 ಶಾರ್ಜಾ. ಇವುಗಳಿಗೆ ಯುಎಇ ಕೇಂದ್ರ ಸರ್ಕಾರದ ವಲಸೆ ಇಲಾಖೆ ಐಸಿಪಿಯ ತಾಣ. ದುಬೈ ವೀಸಾವನ್ನು ಐಸಿಪಿಯಲ್ಲಿ ಹುಡುಕಿ, ದಾಖಲೆ ಇಲ್ಲ ಅಂತ ಬಂದಾಗ ಅಸಲಿ ವೀಸಾವನ್ನೇ ನಕಲಿ ಅಂದುಕೊಂಡು ಒಳ್ಳೆಯ ಕೆಲಸ ಬಿಡುವುದೂ ಉಂಟು. ಇನ್ನು ದಿನದ ಲೆಕ್ಕ ನೋಡಿ ನಿರ್ಧರಿಸಬೇಡಿ. 60 ದಿನದ ಪ್ರವೇಶ ಪರವಾನಗಿ ಕೆಲಸದ್ದೂ ಇರುತ್ತದೆ, ಪ್ರವಾಸದ್ದೂ ಇರುತ್ತದೆ. ವೀಸಾದ ಬಗೆ ಬರೆದಿರುವ ಸಾಲನ್ನೇ ಓದಬೇಕು.

ವೀಸಾ ಅಸಲಿ, ಕೆಲಸ ಮಾತ್ರ ಬೇರೆ: ಇದು ಎಲ್ಲಕ್ಕಿಂತ ಕಠಿಣ, ಯಾಕೆಂದರೆ ಯಾವ ತಾಣದಲ್ಲಿ ನೋಡಿದರೂ ಸರಿಯಾಗಿಯೇ ತೋರಿಸುತ್ತದೆ. ಬಾಯಲ್ಲಿ ತರಕಾರಿ ಪ್ಯಾಕಿಂಗ್, ಸೂಪರ್ ಮಾರ್ಕೆಟ್ ಹೆಲ್ಪರ್ ಅನ್ನುತ್ತಾರೆ. ವೀಸಾದ ಅರಬ್ಬಿ ಸಾಲಿನಲ್ಲಿ 'ರಾಯಿ' ಎಂದಿರುತ್ತದೆ, ಅಂದರೆ ದನಗಾಹಿ. ಅದು ಮರುಭೂಮಿಯಲ್ಲಿ ಕುರಿ, ಒಂಟೆ ಕಾಯುವ ಕೆಲಸ. ಕಂಪನಿ ಡ್ರೈವರ್ ಅಂದವನ ಕಾಗದದಲ್ಲಿ 'ಸಾಯಿಕ್ ಖಾಸ್' ಅಂದರೆ ಮನೆಯ ಡ್ರೈವರ್ ಅಂತ ಇರುತ್ತದೆ. 'ಆಮಿಲ್ ಮನ್ಝಿಲಿ' ಅಂದರೆ ಮನೆಗೆಲಸದವ. ಕುವೈತ್‌ನಲ್ಲಿ ಇದು ಇನ್ನೂ ನೇರ: 18ನೇ ವಿಧಿಯ ವೀಸಾ ಖಾಸಗಿ ಕಂಪನಿಯದು, 20ನೇ ವಿಧಿಯದು ಮನೆಗೆಲಸದ್ದು. ಮೊಬೈಲಿನ ಅನುವಾದ ಆ್ಯಪ್ ಈ ಪದಗಳನ್ನು ಒಮ್ಮೊಮ್ಮೆ ಸಾದಾ 'ವರ್ಕರ್' ಅಂತ ಹಾರಿಸಿಬಿಡುತ್ತದೆ. ಅದಕ್ಕೇ ಅರಬ್ಬಿ ಬಲ್ಲ ಮೌಲಾನಾ ಸಾಹೇಬರಿಗೆ ಆ ಒಂದು ಸಾಲು ತೋರಿಸಿ ಅನ್ನುತ್ತೇವೆ. ನಮ್ಮ ಜಿಲ್ಲೆಯಲ್ಲಿ ಅಂಥವರಿಗೆ ಕೊರತೆ ಇಲ್ಲ, ಒಂದು ನಿಮಿಷದಲ್ಲಿ ಓದಿ ಹೇಳುತ್ತಾರೆ.

ಈಗ ರೊಕ್ಕದ ವಿಷಯ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 5,400. ಒಟ್ಟು 35,400. ಅದಕ್ಕೆ ರಸೀದಿ ಕೊಡಲೇಬೇಕು. ಸೌದಿಯ ಕಾರ್ಮಿಕ ಕಾನೂನಿನಲ್ಲಿ ನೇಮಕಾತಿ ಖರ್ಚು, ಇಕಾಮಾ (ಅಲ್ಲಿ ಇರಲಿಕ್ಕೆ ಕೊಡುವ ಪರವಾನಗಿ) ಶುಲ್ಕ ಮಾಲೀಕನ ಮೇಲಿದೆ. ಯುಎಇಯಲ್ಲೂ ನೇಮಕಾತಿ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಆದರೆ ಇಲ್ಲಿ ಒಂದೂವರೆ ಲಕ್ಷ, ಎರಡು ಲಕ್ಷ ಕೇಳುವುದು ರೂಢಿಯಾಗಿಬಿಟ್ಟಿದೆ, ಕೊಡುವುದೂ ರೂಢಿಯಾಗಿದೆ. ಅದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುತ್ತೇವೆ: ಹೆಲ್ಪರ್ ಕೆಲಸಕ್ಕೆ 1,200 ರಿಯಾಲ್, ರಿಯಾಲಿಗೆ ಸುಮಾರು 23 ರೂಪಾಯಿ ಹಿಡಿದರೆ 27,600. ಒಂದೂವರೆ ಲಕ್ಷ ಅಂದರೆ ಐದು ತಿಂಗಳಿಗೂ ಹೆಚ್ಚಿನ ಪೂರ್ತಿ ಸಂಬಳ, ಊಟದ ಖರ್ಚು ಕಳೆಯದೆ. ಹೊಲ ಅಡ ಇಟ್ಟು ತಂದ ರೊಕ್ಕವಾದರೆ ಬಡ್ಡಿಯನ್ನೂ ಕೂಡಿಸಿಕೊಳ್ಳಿ. ಹೆಲ್ಪರ್ ಕೆಲಸಕ್ಕೆ 4,000 ರಿಯಾಲ್ ಅಂದರೆ ಆ ಕೆಲಸವೇ ಇಲ್ಲ ಅಂತ ತಿಳಿಯಿರಿ.

ಮೋಸಗಾರ ಇಡೀ ಮೊತ್ತ ಒಮ್ಮೆಗೆ ಕೇಳುವುದಿಲ್ಲ. ಮೊದಲು ನೋಂದಣಿ ಅಂತ ಎರಡು ಸಾವಿರ, ಆಮೇಲೆ ಮೆಡಿಕಲ್, ಆಮೇಲೆ ವೀಸಾ ಸ್ಟಾಂಪಿಂಗ್, ಕೊನೆಗೆ ಟಿಕೆಟ್. ಕೊಟ್ಟದ್ದು ಹೋಗುತ್ತದಲ್ಲ ಅನ್ನುವ ಸಂಕಟದಲ್ಲಿಯೇ ಮುಂದಿನ ಕಂತು ಹೊರಡುತ್ತದೆ. ಫೋನ್‌ಪೇಯಲ್ಲಿ ನಂಬರ್ ಹಾಕಿದ ಕೂಡಲೇ ಬರುವ ಹೆಸರನ್ನು ನೋಡಿ. ಆರ್‌ಸಿ ಹೊಂದಿದ ಸಂಸ್ಥೆಯ ಹೆಸರು ಬರಬೇಕು. ಯಾವುದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. "ಅವರು ನಮ್ಮ ಅಕೌಂಟೆಂಟ್ ರಿ" ಅನ್ನುತ್ತಾರೆ. ಅದಕ್ಕೆ ಒಪ್ಪಬೇಡಿ.

ಗಲ್ಫ್ ದೇಶಗಳ ಮೆಡಿಕಲ್ ವಾಫಿದ್ ಎಂಬ ತಾಣದಲ್ಲಿ ಹೆಸರು ಹಚ್ಚಿಸಿ, ಅವರು ಗೊತ್ತು ಮಾಡಿದ ಕೇಂದ್ರದಲ್ಲಿಯೇ ಆಗಬೇಕು. ಫಲಿತಾಂಶವನ್ನು ಪಾಸ್‌ಪೋರ್ಟ್ ನಂಬರ್ ಹಾಕಿ ಅದೇ ತಾಣದಲ್ಲಿ ನೋಡಬಹುದು. ಯಾವುದೋ ಲ್ಯಾಬಿನಲ್ಲಿ ರಕ್ತ ತೆಗೆಸಿ "ಮೆಡಿಕಲ್ ಆತು" ಅಂದರೆ ಅಲ್ಲಿ ಏನೂ ದಾಖಲಾಗಿರುವುದಿಲ್ಲ. ವಿಮಾನದ ಟಿಕೆಟಿನಲ್ಲಿ ಆರು ಅಕ್ಷರದ ಪಿಎನ್‌ಆರ್ ಇದ್ದರೆ ಸಾಲದು, ಅದು ಬರೀ ಹಿಡಿದಿಟ್ಟ ಬುಕಿಂಗ್ ಇರಬಹುದು, ಎರಡು ದಿನದಲ್ಲಿ ತಾನೇ ರದ್ದಾಗುತ್ತದೆ. 13 ಅಂಕಿಯ ಇ-ಟಿಕೆಟ್ ನಂಬರ್ ಬೇಕು. ಮೊದಲ ಮೂರು ಅಂಕಿ ವಿಮಾನ ಸಂಸ್ಥೆಯದು. ಏರ್ ಇಂಡಿಯಾ 098, ಎಮಿರೇಟ್ಸ್ 176, ಸೌದಿಯಾ 065.

ಡಿಗ್ರಿ ಮುಗಿಸಿದ ಹುಡುಗರಿಗೆ ಬೇರೆ ಬಲೆ ಇದೆ. ಅವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಇಲ್ಲ, ಹಾಗಾಗಿ ಆ ಜರಡಿಯೂ ಇಲ್ಲ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್, ಕಸ್ಟಮರ್ ಸಪೋರ್ಟ್. ಸಂದರ್ಶನ ಹತ್ತು ನಿಮಿಷ, ಒಂದು ಟೈಪಿಂಗ್ ಪರೀಕ್ಷೆ, ಹೋಟೆಲ್ ಮತ್ತು ಟಿಕೆಟ್ ಅವರದೇ. ರೊಕ್ಕ ಕೇಳದ ಕಾರಣಕ್ಕೇ ಇದು ಅಸಲಿ ಅನಿಸುತ್ತದೆ. ಬ್ಯಾಂಕಾಕ್‌ನಲ್ಲಿ ಇಳಿಸಿ, ಗಡಿಯ ಮೇ ಸಾಟ್ ಪಟ್ಟಣಕ್ಕೆ ಒಯ್ದು, ಮೋಯಿ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯ ಸೈಬರ್ ವಂಚನೆಯ ಕೂಟಗಳಿಗೆ ಸೇರಿಸುತ್ತಾರೆ. ಲಾವೋಸ್, ಕಾಂಬೋಡಿಯಾಗಳಲ್ಲೂ ಇದೇ ದಂಧೆ. ವಿದೇಶಾಂಗ ಸಚಿವಾಲಯ ಹಲವು ಸಲ ಎಚ್ಚರಿಕೆ ಕೊಟ್ಟಿದೆ. ಪಕ್ಕದ ಕಲಬುರಗಿ ಜಿಲ್ಲೆಯ ಯುವಕರು ಬೇರೆ ಕೆಲಸದ ಮಾತು ನಂಬಿ ರಷ್ಯಾಕ್ಕೆ ಹೋಗಿ, ಯುದ್ಧದ ನೆಲದಲ್ಲಿ ಸಿಕ್ಕಿಬಿದ್ದು 2024ರಲ್ಲಿ ಮರಳಿದ್ದು ಎಲ್ಲರಿಗೂ ಗೊತ್ತು. ಇಂಥ ಆಫರ್ ಬಂದರೆ ನಾವು ಕೇಳುವುದು ಎರಡೇ: ಹೊರಡುವ ಮುಂಚೆಯೇ ಕೆಲಸದ ವೀಸಾ ಕೊಡುತ್ತಾರಾ? ಕಚೇರಿ ಇರುವ ಊರಿನ ಪೂರ್ತಿ ವಿಳಾಸ ಬರೆದುಕೊಡುತ್ತಾರಾ?

ಮನೆಗೆಲಸಕ್ಕೆ ಹೊರಟ ಹೆಣ್ಣುಮಕ್ಕಳಿಗೆ ನಿಯಮ ಇನ್ನೂ ಬಿಗಿ. ಇಸಿಆರ್ ಪಾಸ್‌ಪೋರ್ಟ್ ಇದ್ದು 30 ವರ್ಷ ತುಂಬದವರಿಗೆ ಕ್ಲಿಯರೆನ್ಸ್ ಸಿಗುವುದಿಲ್ಲ. ವಯಸ್ಸು ತಿದ್ದಿಸೋಣ ಅನ್ನುವವನಿಂದ ದೂರ ಇರಿ.

ಹೊರಡುವುದು ಖಾತ್ರಿಯಾದರೆ ಪಾಸ್‌ಪೋರ್ಟ್, ವೀಸಾ, ಕರಾರು, ಬಿಮೆಯ ಪಾಲಿಸಿ, ಏಜೆಂಟನ ರಸೀದಿ ಇವುಗಳ ಎರಡು ಸೆಟ್ ಜೆರಾಕ್ಸ್ ಮಾಡಿಸಿ, ಒಂದು ಮನೆಯಲ್ಲಿ ಓದಲು ಬರುವವರ ಕೈಯಲ್ಲಿ ಇಡಿಸುತ್ತೇವೆ. ಅದರ ಹಿಂದೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಹಾಯವಾಣಿ 1800 11 3090 ಬರೆದುಕೊಡುತ್ತೇವೆ. ಅಲ್ಲಿ ತೊಂದರೆಯಾದರೆ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ದೂರು ಕೊಡಬಹುದು, ಆದರೆ ಪಾಸ್‌ಪೋರ್ಟ್ ನಂಬರ್ ಇಲ್ಲದಿದ್ದರೆ ಅಲ್ಲಿಯೇ ದಿನ ಕಳೆಯುತ್ತದೆ.

ರೊಕ್ಕ ಈಗಾಗಲೇ ಹೋಗಿದ್ದರೆ ಏಜೆಂಟನಿಗೆ ಬೈದು ಫೋನ್ ಮಾಡಬೇಡಿ, ನಂಬರ್ ಬ್ಲಾಕ್ ಮಾಡಬೇಡಿ. ಬೈದರೆ ಅವನು ಖಾತೆಯಿಂದ ರೊಕ್ಕ ಸರಿಸುತ್ತಾನೆ. ವಾಟ್ಸಾಪ್ ಚಾಟ್ ಅಳಿಸಿದರೆ ಸಾಕ್ಷಿ ಹೋಗುತ್ತದೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳಿಸಿದ ಕೆಲವೇ ತಾಸಿನೊಳಗಾದರೆ ಆ ಖಾತೆಯಲ್ಲಿ ರೊಕ್ಕ ತಡೆಹಿಡಿಯುವ ಅವಕಾಶ ಹೆಚ್ಚು. ಯುಪಿಐ ವಹಿವಾಟಿನ 12 ಅಂಕಿಯ ಯುಟಿಆರ್ ನಂಬರ್, ದಿನಾಂಕ, ಮೊತ್ತ ಇವನ್ನು ಕಂತುವಾರು ಒಂದು ಹಾಳೆಯಲ್ಲಿ ಬರೆದು, ಚಾಟ್ ಪ್ರಿಂಟ್ ಜೊತೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಒಯ್ಯಿರಿ. ನಗದು ಕೊಟ್ಟಿದ್ದರೆ ಆವತ್ತು ಜೊತೆಗಿದ್ದವರ ಹೆಸರು, ಜಾಗ, ಹೊತ್ತು ಬರೆಯಿರಿ. ಪಾಸ್‌ಪೋರ್ಟ್ ಏಜೆಂಟನ ಹತ್ತಿರವೇ ಉಳಿದಿದ್ದರೆ ದೂರಿನಲ್ಲಿ ಅದನ್ನು ಬೇರೆ ಸಾಲಾಗಿ, ಪಾಸ್‌ಪೋರ್ಟ್ ನಂಬರ್ ಸಮೇತ ಬರೆಸಿ. "ಇನ್ನೂ ಇಪ್ಪತ್ತು ಸಾವಿರ ಕೊಡ್ರಿ, ಪಾಸ್‌ಪೋರ್ಟ್ ವಾಪಸ್ ಕೊಡ್ತೀನಿ" ಅಂದರೆ ಕೊಡಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಒತ್ತೆ ಇಟ್ಟುಕೊಳ್ಳುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ.