ಮೂರು ತಲೆಮಾರಿನ ದುಡ್ಡನ್ನು ಒಂದೇ ಪುಸ್ತಕದಲ್ಲಿ ಬರೆಯುವುದು ಹೇಗೆ?

ನಮ್ಮ ಅಜ್ಜಯ್ಯ ಕೊನೆಯವರೆಗೂ ನಿವೃತ್ತರಾಗಲಿಲ್ಲ. ಎಪ್ಪತ್ತೆಂಟರಲ್ಲೂ ಮಳೆಗಾಲ ಬಂತೆಂದರೆ ಅಡಿಕೆ ತೋಟಕ್ಕೆ ಹೋಗಿ, ಮದ್ದು ಹೊಡೆಯುವವರ ಬೆನ್ನಿಗೆ ನಿಂತು ಬೈಯುತ್ತಿದ್ದರು. ಅಪ್ಪಯ್ಯ ಸರ್ಕಾರಿ ಶಾಲೆ ಮೇಷ್ಟ್ರು. 60 ತುಂಬಿದ ತಿಂಗಳು ಹಾರ ಹಾಕಿಸಿಕೊಂಡು ಮನೆಗೆ ಬಂದರು, ಆಮೇಲೆ ಪಿಂಚಣಿ. ಅಕ್ಕನ ಮಗಳಿಗೆ ಈಗ 24, ಬೆಂಗಳೂರಿನಲ್ಲಿ ಕೆಲಸ. "ನಲವತ್ತೈದಕ್ಕೆ ಎಲ್ಲ ಬಿಟ್ಟು ಊರಿಗೆ ಬರ್ತೀನಿ ಮಾವ, ಹೋಂಸ್ಟೇ ಮಾಡೋಣ" ಅನ್ನುತ್ತಾಳೆ.

ತೀರ್ಥಹಳ್ಳಿ ಕಡೆ ಹತ್ತು ಮನೆ ಹೊಕ್ಕರೆ ಇದೇ ಕತೆ. ಹಿರಿಯರ ಕಣ್ಣಿಗೆ ಮಕ್ಕಳು ದುಂದು, ಮಕ್ಕಳ ಕಣ್ಣಿಗೆ ಹಿರಿಯರು ಜಿಪುಣರು. ನನಗೆ ಅನ್ನಿಸುವುದು, ದುಡ್ಡು ಬರುವ ರೀತಿ ಬೇರೆಯಾಯಿತು, ಅದಕ್ಕೇ ಉಳಿಸುವ ರೀತಿಯೂ ಬೇರೆಯಾಯಿತು. ಅಜ್ಜಯ್ಯನಿಗೆ ದುಡ್ಡು ವರ್ಷಕ್ಕೊಮ್ಮೆ ಬರುತ್ತಿತ್ತು. ಅಪ್ಪಯ್ಯನಿಗೆ ತಿಂಗಳಿಗೊಮ್ಮೆ. ಅಕ್ಕನ ಮಗಳಿಗೂ ತಿಂಗಳಿಗೊಮ್ಮೆಯೇ, ಆದರೆ ಮುಂದಿನ ವರ್ಷ ಅದೇ ಕೆಲಸ ಇರುತ್ತದೆಂದು ಹೇಳುವವರಿಲ್ಲ. ಹೋದ ದೀಪಾವಳಿಗೆ ಎಲ್ಲರೂ ಊರಲ್ಲಿದ್ದಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಕೂತೆವು. ನೀವೂ ಕೂರುವುದಾದರೆ ಹೀಗೆ ಮಾಡಿ.

ಮೊದಲು, ತೋಟವನ್ನು ಚೇಣಿ (ಫಸಲಿನ ಗುತ್ತಿಗೆ) ಲೆಕ್ಕದಲ್ಲಿ ಬರೆಯಿರಿ

"ತೋಟ ಇದೆಯಲ್ಲ, ಅದೇ ಪಿಂಚಣಿ" ಎನ್ನುವ ಮಾತು ನಮ್ಮಲ್ಲಿ ಜಾಸ್ತಿ. ಅಜ್ಜಯ್ಯನ ಕಾಲಕ್ಕೆ ಅದು ನಿಜವೂ ಆಗಿತ್ತು, ಯಾಕೆಂದರೆ ಅಡಿಕೆ ಕೊನೆ (ಗೊನೆ) ತೆಗೆಯುವುದರಿಂದ ಹಿಡಿದು ಸುಲಿಯುವ ತನಕ ಮನೆಯವರೇ ಅರ್ಧ ಕೆಲಸ ಮಾಡುತ್ತಿದ್ದರು, ಆ ಕೂಲಿಯನ್ನು ಯಾರೂ ಖರ್ಚು ಅಂತ ಬರೆದವರಲ್ಲ. ಈಗ ಮದ್ದು ಹೊಡೆಯಲು ಜನ, ಮರ ಹತ್ತಲು ಜನ, ಅವರು ಸಿಗದಿದ್ದರೆ ಕಾರ್ಬನ್ ಫೈಬರ್ ದೋಟಿ. ಅದರ ಮೇಲೆ ಕೊಳೆ, ಎಲೆಚುಕ್ಕಿ. ರೋಗ ಬಂದು ಹೊಸ ಗಿಡ ನೆಟ್ಟರೆ ಫಸಲು ನೋಡಲು ಐದಾರು ವರ್ಷ ಬೇಕು. ಅರವತ್ತೆಂಟರವರು ಅಷ್ಟು ಕಾಯುವುದು ಹೇಗೆ?

ಹಾಗಾಗಿ ಐದು ವರ್ಷದ ಉತ್ಪನ್ನ ಬರೆಯಿರಿ, ಖರ್ಚು ಕಳೆಯಿರಿ, ಅದರಲ್ಲಿ ಅತಿ ಕಡಿಮೆ ಬಂದ ವರ್ಷವನ್ನು ಹಿಡಿಯಿರಿ. ಆಮೇಲೆ ಇನ್ನೊಂದು ಸಾಲು: ಇದೇ ತೋಟವನ್ನು ಚೇಣಿಗೆ ಕೊಟ್ಟರೆ ಎಷ್ಟು ಬರುತ್ತದೆ? ಕೈಕಾಲು ಸೋತ ಮೇಲೆ ನಿಮ್ಮ ನಿಜವಾದ ಪಿಂಚಣಿ ಅದು. ನಮ್ಮ ಮನೆಯಲ್ಲಿ ಈ ಸಾಲು ಬರೆದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವರ್ಷಕ್ಕೊಮ್ಮೆ ದುಡ್ಡು ಬರುವವರಿಗೆ ತಿಂಗಳ ಕಂತು ಹೊಂದುವುದಿಲ್ಲ. ಪಿಪಿಎಫ್ (ಸರ್ಕಾರದ ಸಾರ್ವಜನಿಕ ಭವಿಷ್ಯ ನಿಧಿ) ಹೊಂದುತ್ತದೆ. ವರ್ಷಕ್ಕೆ 500ರಿಂದ 1.5 ಲಕ್ಷ ರೂಪಾಯಿವರೆಗೆ ಒಂದೇ ಸಲ ಕಟ್ಟಬಹುದು, ಅವಧಿ 15 ವರ್ಷ. ಅಡಿಕೆ ಮಂಡಿಯ ದುಡ್ಡು ಕೈಯಲ್ಲಿದ್ದರೆ ಏಪ್ರಿಲ್ 5ರೊಳಗೆ ಕಟ್ಟಿಬಿಡಿ, ಆಗ ಆ ವರ್ಷದ ಪೂರ್ತಿ ಬಡ್ಡಿ ಸಿಗುತ್ತದೆ.

ಸಂಬಳದವರ ಪುಟ

ನನ್ನ ತಮ್ಮನೂ ಮೇಷ್ಟ್ರೇ. ಅಪ್ಪಯ್ಯನಿಗೆ ಹಳೆಯ ಪಿಂಚಣಿ. ತಮ್ಮ ಕೆಲಸಕ್ಕೆ ಸೇರಿದ್ದು 2006ರ ಏಪ್ರಿಲ್ 1ರ ನಂತರ, ಹಾಗಾಗಿ ಎನ್‌ಪಿಎಸ್, ಅಂದರೆ ತಿಂಗಳ ಕಂತನ್ನು ಮಾರುಕಟ್ಟೆಯಲ್ಲಿ ಹೂಡುವ ಹೊಸ ಪಿಂಚಣಿ. ಇಬ್ಬರೂ ಹೇಳಿಕೊಟ್ಟಿದ್ದು ಅದೇ ಮಗ್ಗಿ, ಆದರೆ ಒಬ್ಬರಿಗೆ ಬರುವುದು ಎಷ್ಟೆಂದು ಗೊತ್ತು, ಇನ್ನೊಬ್ಬನದು ಮಾರುಕಟ್ಟೆ ಹೇಳಿದಷ್ಟು. "ನಿಂಗೇನೋ, ಸರ್ಕಾರಿ ಕೆಲಸ" ಅಂತ ತಮ್ಮನಿಗೆ ಹೇಳುವುದನ್ನು ಅಪ್ಪಯ್ಯ ಬಿಟ್ಟಿದ್ದು ಅವನ ಎನ್‌ಪಿಎಸ್ ಸ್ಟೇಟ್‌ಮೆಂಟ್ ನೋಡಿದ ಮೇಲೆಯೇ.

ಅಕ್ಕನ ಮಗಳ ಪುಟದಲ್ಲಿ ಎರಡು ಕೆಲಸ, ಎರಡು ಪಿಎಫ್. ಮೊದಲ ಕೆಲಸ ಬಿಟ್ಟಾಗ ಆ ದುಡ್ಡು ತೆಗೆದು ಗೋಕರ್ಣಕ್ಕೆ ಹೋಗಬೇಕೆಂದಿದ್ದಳಂತೆ! ತೆಗೆಯಬೇಡ, ಹೊಸ ಕಂಪನಿಗೆ ವರ್ಗಾಯಿಸು ಅಂದೆ. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳಬಹುದು. ಅದಕ್ಕಿಂತ ಮುಖ್ಯ, ಪಿಎಫ್ ಜೊತೆಗಿನ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು, ವರ್ಗಾಯಿಸಿದರೆ ಹಳೆಯ ವರ್ಷಗಳೂ ಸೇರುತ್ತವೆ. ಹಾಗಂತ ಆ ಪಿಂಚಣಿಯನ್ನೇ ನಂಬಿ ಕೂರಬೇಡಿ. 2014ರಲ್ಲಿ ಹಾಕಿದ 15,000 ರೂಪಾಯಿ ಸಂಬಳದ ಮಿತಿಯಲ್ಲಿ ಲೆಕ್ಕ ಹಾಕಿದರೆ, 30 ವರ್ಷ ದುಡಿದವರಿಗೆ 58ರ ನಂತರ ತಿಂಗಳಿಗೆ ಸುಮಾರು 6,850.

ದುಡ್ಡು ಎಲ್ಲಿದೆ ಅಂತ ಬರೆಯುವಾಗ

ಪಿಗ್ಮಿ, ಚೀಟಿ, ಬಂಗಾರ, ಅಂಚೆ ಕಚೇರಿ ಆರ್‌ಡಿ, ಮೊಬೈಲಿನ ಎಸ್‌ಐಪಿ (ಮ್ಯೂಚುವಲ್ ಫಂಡಿನ ಕಂತು), ಎಲ್ಲವನ್ನೂ ಬರೆಯಿರಿ. ಸೊಸೈಟಿ ಠೇವಣಿ ಬಂದಾಗ ಮಾತ್ರ ಒಂದು ನಿಮಿಷ ನಿಲ್ಲಿ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ, ಸಹಕಾರಿ ಬ್ಯಾಂಕಾದರೂ ಸರಿ, 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೆ, ಅಂದರೆ ಸೊಸೈಟಿಗೆ, ಅದು ಇಲ್ಲ. ಹೊರಗಿನ ಬೋರ್ಡು ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ ಅಲ್ವಾ? ನಮ್ಮ ಅತ್ತೆಯೊಬ್ಬರು ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಅಂಥ ಒಂದು ಸಂಘದಲ್ಲಿ ಒಂದೂವರೆ ಲಕ್ಷ ಇಟ್ಟಿದ್ದರು. ನಾಲ್ಕು ವರ್ಷದಿಂದ ಅಲೆಯುತ್ತಿದ್ದಾರೆ. ಸೊಸೈಟಿ ಬೇಡ ಎನ್ನುತ್ತಿಲ್ಲ, ಅಡಿಕೆ ಬೆಳೆಗಾರರ ಬೆನ್ನೆಲುಬೇ ಅದು. ಮುಪ್ಪಿನ ದುಡ್ಡು ಪೂರ್ತಿ ಒಂದೇ ಕಡೆ ಬೇಡ, ಅಷ್ಟೆ. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ.

ಬೆಲೆ ಏರಿಕೆಗೆ 72ರ ಭಾಗಾಕಾರ

ಬೆಲೆ ವರ್ಷಕ್ಕೆ ಶೇ 6 ಏರುತ್ತದೆ ಅಂದುಕೊಳ್ಳಿ. 72ನ್ನು 6ರಿಂದ ಭಾಗಿಸಿದರೆ 12. ಅಂದರೆ 12 ವರ್ಷಕ್ಕೊಮ್ಮೆ ಖರ್ಚು ಎರಡರಷ್ಟು. ಇವತ್ತು ತಿಂಗಳಿಗೆ 20,000 ಬೇಕಾದ ಮನೆಗೆ 24 ವರ್ಷ ಬಿಟ್ಟು 80,000 ಬೇಕು. ನಲವತ್ತೈದಕ್ಕೆ ಹೋಂಸ್ಟೇ ಎನ್ನುವವರಿಗೆ ಈ ಲೆಕ್ಕ ತೋರಿಸಿ, ಬೈಯುವುದು ಬೇಡ.

ತೋಟಕ್ಕೆ ಬರುವವರದ್ದೂ ಒಂದು ಪುಟ

ನಮ್ಮ ಮರ ಹತ್ತುವವರಿಗೆ ಪಿಎಫ್ ಇಲ್ಲ, ಏನೂ ಇಲ್ಲ. 18ರಿಂದ 40ರೊಳಗಿನವರಾಗಿದ್ದು ಆದಾಯ ತೆರಿಗೆ ಕಟ್ಟದವರಾದರೆ ಅಟಲ್ ಪಿಂಚಣಿ ಯೋಜನೆಗೆ ಸೇರಬಹುದು. 60ರ ನಂತರ ತಿಂಗಳಿಗೆ 5,000 ಬೇಕೆಂದರೆ 18ರಲ್ಲಿ ಸೇರಿದವರಿಗೆ ಕಂತು 210 ರೂಪಾಯಿ, 40ರಲ್ಲಿ ಸೇರಿದರೆ 1,454. ಇಲ್ಲೂ 72ರ ಭಾಗಾಕಾರ ಮಾಡಿ ನೋಡಿ. 36 ವರ್ಷದಲ್ಲಿ ಖರ್ಚು ಮೂರು ಸಲ ಎರಡರಷ್ಟಾಗುತ್ತದೆ, ಅಂದರೆ ಆಗಿನ 5,000ಕ್ಕೆ ಇವತ್ತಿನ 625 ರೂಪಾಯಿಯ ಬೆಲೆ. ಆದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ, ಕಂತಿನಲ್ಲಿ ತೋಟದ ಯಜಮಾನರು ಅರ್ಧ ಹಾಕಿದರೆ ಇನ್ನೂ ವಾಸಿ.

ಪಾಲು, ಪತ್ರ, ಫೈಲು

ಬದುಕಿರುವಾಗಲೇ ತೋಟವನ್ನು ಮಕ್ಕಳಿಗೆ ದಾನಪತ್ರ ಮಾಡುವವರು, ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಪತ್ರ ರದ್ದು ಮಾಡಿ ಅಂತ ಉಪವಿಭಾಗಾಧಿಕಾರಿಯ ಬಳಿ ಕೇಳಬಹುದು. ಬಾಯಿಮಾತಿನ ಷರತ್ತು ಹಿಡಿದುಕೊಂಡು ಹೋದರೆ ಕಷ್ಟ. ಇದನ್ನು ಮಗನೇ ಮೊದಲು ಹೇಳಿದರೆ ಚೆಂದ, ಅಪ್ಪ ಹೇಳಿದರೆ ಅನುಮಾನ ಅನ್ನಿಸುತ್ತದೆ.

ಇಷ್ಟೆಲ್ಲ ಬರೆದು ಮುಗಿಸುವಾಗ ರಾತ್ರಿ ಹನ್ನೊಂದು. ಆಗ ಅಮ್ಮ, "ನನ್ನ ಹೆಸರು ಎಲ್ಲೂ ಬರಲೇ ಇಲ್ವಲ್ಲ" ಅಂದರು. ಹೌದು, ಬಂದಿರಲಿಲ್ಲ. ಅಪ್ಪಯ್ಯನ ನಂತರ ಅವರಿಗೆ ಬರುವ ಕುಟುಂಬ ಪಿಂಚಣಿ ಈಗಿನಷ್ಟು ಇರುವುದಿಲ್ಲ ಅನ್ನುವುದೂ, ಪಿಂಚಣಿ ಆದೇಶದ ಕಾಗದ ಯಾವ ಟ್ರಂಕಿನಲ್ಲಿದೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಕೊನೆಯ ಪುಟದಲ್ಲಿ ಖಾತೆ ನಂಬರು, ನಾಮಿನಿ ಹೆಸರು, ಟ್ರಂಕಿನ ಬೀಗದ ಕೈ ಇರುವ ಜಾಗ ಎಲ್ಲ ಅವರ ಕೈಯಲ್ಲೇ ಬರೆಸಿದೆವು. ಪುಸ್ತಕ ಈಗ ಅವರ ಹತ್ತಿರ ಇದೆ.